‘ಕ್ವೋ ವಾಡಿಸ್’ ಚಲಚ್ಚಿತ್ರವೂ ಅದರಿಂದ ಕಲಿಯತಕ್ಕ ಪಾಠವೂ

ಅಪೊಸ್ತಲರ ಕಾಲದ ರೋಮಾಪುರವನ್ನು ಪರದೆಯ ಮೇಲೆ ತೋರಿಸುವ ಅಮೇರಿಕದ ದೊಡ್ಡ ಚಲಚ್ಚಿತ್ರಗಳಲ್ಲಿ 1951ನೆಯ ಇಸವಿಯಲ್ಲಿ ಹೊರಬಂದ ‘ಕ್ವೋ ವಾಡಿಸ್’ ಎಂಬುದು ಬಹಳ ಹೆಸರಾದದ್ದು. ಇಂಥ ಚಿತ್ರವನ್ನು ನೋಡಿ ಬಂದ ಮಕ್ಕಳು ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ, “ಇದೆಲ್ಲಾ ನಿಜವಾಗಿ ನಡೆದದ್ದೋ?” ಎಂಬುದೇ. ತಾಯಿತಂದೆಗಳು ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ಏಕೆಂದರೆ ಈ ಚಿತ್ರವು ಮೂರೆಳೆಯ ಜಡೆಯಂತಿದೆ: ಚರಿತ್ರೆಯದು ಒಂದು ಎಳೆ, ಐತಿಹ್ಯದ್ದು ಒಂದು, ಕಲ್ಪನೆಯದು ಮತ್ತೊಂದು. ಇವನ್ನು ಒಂದೊಂದಾಗಿ ಬಿಡಿಸಿ ನೋಡಿ, ಕಡೆಗೆ ನಮ್ಮ ಪಾಲಿಗೆ ಉಳಿಯುವ ಪಾಠವೇನೆಂದು ವಿಚಾರಿಸೋಣ.

1. ಕಥೆಯ ಹುಟ್ಟು

ಈ ಕಥೆಯು ಮೊದಲು ಕಾದಂಬರಿಯಾಗಿತ್ತು. ಪೋಲೆಂಡಿನ ಹೆನ್ರಿಕ್ ಸೆಂಕಿಯೆವಿಚ್ ಎಂಬವರು ಇದನ್ನು 1895–96ರಲ್ಲಿ ಪತ್ರಿಕೆಯಲ್ಲಿ ಕಂತು ಕಂತಾಗಿ ಪ್ರಕಟಿಸಿದರು. ಆಗ ಭೂಪಟದಲ್ಲಿ ಪೋಲೆಂಡೆಂಬ ಸ್ವತಂತ್ರ ರಾಜ್ಯವೇ ಇರಲಿಲ್ಲ. ರಷ್ಯಾ, ಜರ್ಮನಿ, ಆಸ್ಟ್ರಿಯಾ ಎಂಬ ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ಕಥಾನಾಯಕಿಯಾದ ಲಿಜಿಯಾ ಎಂಬವಳು ರೋಮಿನವರ ಕೈಯಲ್ಲಿ ಒತ್ತೆಯಾಗಿರುವ ಪರದೇಶದ ರಾಜಪುತ್ರಿ. ಅವಳ ಜನರು ಪೂರ್ವಕಾಲದಲ್ಲಿ ವಾಸವಾಗಿದ್ದ ಸೀಮೆಯು ಪೋಲೆಂಡಿನ ನೆಲವೇ. ಆದುದರಿಂದ ಆ ದೇಶದ ವಾಚಕರು ಲಿಜಿಯಾಳ ಬಂಧನದಲ್ಲಿ ತಮ್ಮ ಬಂಧನವನ್ನು ಕಂಡುಕೊಂಡರು. ಗ್ರಂಥಕರ್ತರಿಗೆ 1905ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನವು ದೊರೆಯಿತು. ಅವರು 1916ರಲ್ಲಿ ತೀರಿಕೊಂಡರು. ಅವರ ದೇಶವು ಸ್ವತಂತ್ರವಾದದ್ದು 1918ರಲ್ಲಿ.

ಈ ಕಾದಂಬರಿಯನ್ನು ಮೆಟ್ರೋ-ಗೋಲ್ಡ್‌ವಿನ್-ಮೇಯರ್ ಕಂಪೆನಿಯವರು ಮರ್ವಿನ್ ಲೆರಾಯ್ ಎಂಬವರ ನಿರ್ದೇಶನದಲ್ಲಿ ಚಿತ್ರವಾಗಿ ಮಾಡಿದರು. 1950ರಲ್ಲಿ ರೋಮ್ ನಗರದ ಬಳಿಯ ಚಿನೆಚಿತ್ತಾ ಚಿತ್ರಶಾಲೆಯಲ್ಲಿ ಇದರ ಕೆಲಸವು ನಡೆಯಿತು. ಎರಡನೆಯ ಮಹಾಯುದ್ಧವು ಮುಗಿದು ಆಗ ಐದೇ ವರ್ಷಗಳಾಗಿದ್ದವು. ಒಬ್ಬ ಸರ್ವಾಧಿಕಾರಿಯು ಜನಸಮೂಹದ ಮುಂದೆ ನಿಂತು ಕೈಯೆತ್ತುವುದು ಹೇಗಿರುತ್ತದೆಂದು ಅಂದಿನ ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಕಥೆಯ ಸಾರಾಂಶವಿಷ್ಟೆ: ಯುದ್ಧದಿಂದ ಹಿಂದಿರುಗಿದ ಮಾರ್ಕಸ್ ವಿನಿಶಿಯಸ್ ಎಂಬ ಸೇನಾನಿಯು ಲಿಜಿಯಾಳನ್ನು ಮೋಹಿಸಿ, ಕೈಸರನ ಅಪ್ಪಣೆಯ ಬಲದಿಂದ ಅವಳನ್ನು ಪಡೆಯಲು ಯತ್ನಿಸುತ್ತಾನೆ. ಕ್ರೈಸ್ತಳಾದ ಅವಳು ಒಪ್ಪುವುದಿಲ್ಲ. ಅಷ್ಟರಲ್ಲಿ ರೋಮ್ ನಗರವು ಹತ್ತಿ ಉರಿಯುತ್ತದೆ. ಜನರ ಕೋಪವು ತನ್ನ ಕಡೆಗೆ ತಿರುಗುವುದನ್ನು ಕಂಡ ನೀರೋ ಚಕ್ರವರ್ತಿಯು ಅಪರಾಧವನ್ನು ಕ್ರೈಸ್ತರ ಮೇಲೆ ಹೊರಿಸುತ್ತಾನೆ. ಸೆರೆಮನೆ, ಕ್ರೀಡಾಂಗಣ, ಸಿಂಹಗಳು ಒಂದಾದ ಮೇಲೊಂದು ಬರುತ್ತವೆ. ಕಂಬಕ್ಕೆ ಕಟ್ಟಿದ ಲಿಜಿಯಾಳನ್ನು ಅವಳ ಸೇವಕನಾದ ಉರ್ಸಸನು ಗೂಳಿಯೊಡನೆ ಹೋರಾಡಿ ಬಿಡಿಸುತ್ತಾನೆ. ಜನರು ದಂಗೆಯೇಳುತ್ತಾರೆ; ನೀರೋನು ಸಾಯುತ್ತಾನೆ.

2. ಚರಿತ್ರೆಯ ಎಳೆ

ಬೆಂಕಿಯು ನಿಜ. ಕ್ರಿ. ಶ. 64ನೆಯ ವರ್ಷದ ಜುಲೈ 18–19ರ ರಾತ್ರಿ, ರಥಗಳ ಓಟ ನಡೆಯುವ ಮಹಾಂಗಣದ ಪಕ್ಕದ ಅಂಗಡಿಗಳಲ್ಲಿ ಅದು ಹುಟ್ಟಿತು. ಆರು ದಿನ ಉರಿದು, ಆರಿತೆಂದುಕೊಳ್ಳುವಾಗಲೇ ಮತ್ತೊಂದು ಸ್ಥಳದಲ್ಲಿ ಎದ್ದಿತು. ನಗರದ 14 ವಿಭಾಗಗಳಲ್ಲಿ 3 ಪೂರ್ತಿಯಾಗಿ ನಾಶವಾದವು, 7 ಬಹಳ ಕೆಟ್ಟವು, 4 ಮಾತ್ರ ಉಳಿದವು. ಇದನ್ನು ವಿವರವಾಗಿ ಬರೆದಿಟ್ಟವನು ಟ್ಯಾಸಿಟಸ್ ಎಂಬ ರೋಮನ್ ಇತಿಹಾಸಕಾರನು. ಬೆಂಕಿ ಬಿದ್ದಾಗ ಅವನು ಚಿಕ್ಕ ಬಾಲಕ. ಬರೆದದ್ದು ಸುಮಾರು 50 ವರ್ಷಗಳ ತರುವಾಯ.

ಚಿತ್ರದಲ್ಲಿ ನೀರೋನೇ ಬೆಂಕಿ ಹಚ್ಚಿಸಿ, ಉರಿಯುವ ನಗರವನ್ನು ನೋಡುತ್ತಾ ತಂತಿವಾದ್ಯವನ್ನು ನುಡಿಸುತ್ತಾನೆ. ಟ್ಯಾಸಿಟಸನು ಹೀಗೆ ನಿಶ್ಚಯವಾಗಿ ಹೇಳಲಿಲ್ಲ. ಬೆಂಕಿಯು ಆಕಸ್ಮಿಕವೋ ಅರಸನ ಕಪಟವೋ ಎಂಬ ವಿಷಯದಲ್ಲಿ ಎರಡು ಮತಗಳಿದ್ದವೆಂದೂ, ಬೆಂಕಿ ಹುಟ್ಟಿದಾಗ ನೀರೋನು ಸುಮಾರು 30 ಮೈಲು ದೂರದ ಆಂಶಿಯಂ ಪಟ್ಟಣದಲ್ಲಿದ್ದನೆಂದೂ, ಹಿಂದಿರುಗಿ ಬಂದು ಮನೆಯಿಲ್ಲದವರಿಗೆ ತನ್ನ ತೋಟಗಳನ್ನು ತೆರೆದು ಧಾನ್ಯದ ಬೆಲೆಯನ್ನು ಇಳಿಸಿದನೆಂದೂ ಬರೆದಿದ್ದಾನೆ. ಹಾಡಿದನೆಂಬುದನ್ನು ಅವನು ಕೇವಲ ಜನರ ಮಾತಾಗಿ ಹೇಳುತ್ತಾನೆ. ಕೆಟ್ಟ ಅರಸನ ವಿಷಯದಲ್ಲಿಯೂ ನ್ಯಾಯವಾಗಿ ಬರೆಯಬೇಕೆಂಬುದು ಇಲ್ಲಿ ನಾವು ಕಲಿಯತಕ್ಕ ಮೊದಲನೆಯ ಮಾತು.

ಆದರೆ ಮುಂದಿನ ಸಂಗತಿಯಲ್ಲಿ ಟ್ಯಾಸಿಟಸನಿಗೆ ಸಂದೇಹವಿಲ್ಲ. ಅಪವಾದವನ್ನು ನೀಗಿಕೊಳ್ಳುವುದಕ್ಕಾಗಿ ನೀರೋನು ಕ್ರೈಸ್ತರನ್ನು ಹಿಡಿಸಿದನು. ಕೆಲವರಿಗೆ ಮೃಗಗಳ ಚರ್ಮ ಹೊದಿಸಿ ನಾಯಿಗಳಿಂದ ಹರಿಸಿದರು. ಕೆಲವರನ್ನು ಶಿಲುಬೆಗೆ ಹಾಕಿದರು. ಕೆಲವರನ್ನು ಇರುಳಿನ ದೀಪಗಳಾಗಿ ಸುಟ್ಟರು. ಸಿಂಹಗಳ ಮಾತು ಅಲ್ಲಿಲ್ಲ. ಸ್ಥಳವೂ ನಾವು ಪಟಗಳಲ್ಲಿ ಕಾಣುವ ಕೊಲೊಸಿಯಂ ಅಲ್ಲ. ಅದು ನೀರೋನ ಮರಣದ ನಂತರ ಕಟ್ಟಲ್ಪಟ್ಟು 80ನೆಯ ವರ್ಷದಲ್ಲಿ ತೆರೆಯಲ್ಪಟ್ಟಿತು.

3. ಐತಿಹ್ಯದ ಎಳೆ

‘ಕ್ವೋ ವಾಡಿಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಎಲ್ಲಿಗೆ ಹೋಗುತ್ತೀ’ ಎಂದರ್ಥ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಪೇತ್ರನು ಕರ್ತನನ್ನು ಇದೇ ಪ್ರಶ್ನೆಯಿಂದ ಕೇಳುತ್ತಾನೆ. ಹಿಂಸೆಗೆ ಹೆದರಿ ರೋಮನ್ನು ಬಿಟ್ಟು ಹೊರಟ ಪೇತ್ರನಿಗೆ ಅಪ್ಪಿಯ ಮಾರ್ಗದಲ್ಲಿ ಕರ್ತನು ಎದುರಾದನೆಂದೂ, ಪೇತ್ರನು ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ, ಉತ್ತರದಿಂದ ನಾಚಿ ನಗರಕ್ಕೆ ತಿರುಗಿದನೆಂದೂ ಹೇಳುವ ಕಥೆಯಾದರೋ ಸತ್ಯವೇದದಲ್ಲಿಲ್ಲ. ಅದು ಎರಡನೆಯ ಶತಮಾನದ ‘ಪೇತ್ರನ ಕೃತ್ಯಗಳು’ ಎಂಬ ಬೇರೊಂದು ಗ್ರಂಥದ್ದು. ಪೇತ್ರ ಪೌಲರು ಹೇಗೆ ಮೃತಪಟ್ಟರೆಂಬುದನ್ನು ಸತ್ಯವೇದವು ತಿಳಿಸುವುದಿಲ್ಲ. ಪೌಲನು ರೋಮಿಗೆ ಬರುವಾಗ ಸಹೋದರರು ಅಪ್ಪಿಯ ಪೇಟೆಯ ತನಕ ಎದುರುಗೊಂಡು ಬಂದ ಸಂಗತಿಯು ಮಾತ್ರ ಅಪೊಸ್ತಲರ ಕೃತ್ಯಗಳ 28ನೆಯ ಅಧ್ಯಾಯದಲ್ಲಿದೆ. ಅದೇ ಮಾರ್ಗದಲ್ಲಿ ಒಬ್ಬನು ಸೆರೆಯವನಾಗಿ ನಗರದ ಕಡೆಗೆ ಬಂದನು. ಇನ್ನೊಬ್ಬನು ನಗರದಿಂದ ಓಡಿಹೋಗುತ್ತಾ ಹಿಂದಿರುಗಿದನೆಂದು ಹಿರಿಯರು ನಂಬಿದರು.

4. ಕಲ್ಪನೆಯ ಎಳೆ

ವಿನಿಶಿಯಸ್, ಲಿಜಿಯಾ, ಉರ್ಸಸ್ ಇವರು ಕಲ್ಪಿತ ವ್ಯಕ್ತಿಗಳು. ಕಾಲವನ್ನೂ ಚಿತ್ರವು ಬಹಳವಾಗಿ ಕುಗ್ಗಿಸಿದೆ. ಬೆಂಕಿಯಾದ ಮೇಲೆ ನೀರೋನು ನಾಲ್ಕು ವರ್ಷ ಬದುಕಿ 68ರಲ್ಲಿ ಸತ್ತನು. ಅವನನ್ನು ಕೆಳಗಿಳಿಸಿದ್ದು ಸೈನ್ಯಗಳೂ ರೋಮಿನ ಹಿರಿಯರ ಸಭೆಯೂ ಹೊರತು ಕ್ರೀಡಾಂಗಣದ ಜನರಲ್ಲ.

ಆದರೆ ಲಿಜಿಯಾಳ ಸಾಕುತಾಯಿಯಾಗಿ ಬರುವ ಪೊಂಪೋನಿಯಾ ಕಲ್ಪಿತಳಲ್ಲ. ತನ್ನ ಬಂಧುವಾದ ಜೂಲಿಯಾ ಎಂಬವಳು ಅರಮನೆಯ ಒಳಸಂಚಿನಿಂದ ಕೊಲ್ಲಲ್ಪಟ್ಟಾಗ, ಈಕೆಯು ಶೋಕದ ಉಡುಪನ್ನು ಧರಿಸಿ 40 ವರ್ಷ ಅದನ್ನು ಬಿಡಲಿಲ್ಲವೆಂದು ಟ್ಯಾಸಿಟಸನು ಬರೆದಿದ್ದಾನೆ. 57ರಲ್ಲಿ ಈಕೆಯ ಮೇಲೆ ಪರದೇಶದ ಮತವನ್ನು ಹಿಡಿದಳೆಂಬ ದೂರು ಬಂತು. ಹಳೆಯ ಪದ್ಧತಿಯಂತೆ ಗಂಡನೇ ಬಂಧುಗಳ ಮುಂದೆ ವಿಚಾರಿಸಿ ನಿರ್ದೋಷಿಯೆಂದು ತೀರ್ಪುಕೊಟ್ಟನು. ಆ ಮತವು ಕ್ರೈಸ್ತಮತವೆಂದು ಹಲವರು ಊಹಿಸಿದರೂ ಅದಕ್ಕೆ ಸಾಕ್ಷಿಯಿಲ್ಲ. ಕಂಬಕ್ಕೆ ಕಟ್ಟಿದ ಲಿಜಿಯಾಳು ನಮ್ಮ ಕಣ್ಣಿಗೆ ಬೇಗ ಬೀಳುತ್ತಾಳೆ. ಆದರೆ ಅರಮನೆಯವರ ಕಣ್ಣೆದುರಿನಲ್ಲಿ 40 ವರ್ಷ ಅಂಜದೆ ಒಬ್ಬ ನಿರಪರಾಧಿಯನ್ನು ನೆನೆದ ಈ ಸ್ತ್ರೀಯ ಧೈರ್ಯವು ಅದಕ್ಕೆ ಕಡಿಮೆಯೋ?

5. ನಮ್ಮ ಪಾಲಿನ ಪಾಠ

ಟ್ಯಾಸಿಟಸನು ಕ್ರೈಸ್ತರ ಮಿತ್ರನಲ್ಲ; ಅವರನ್ನು ಹೀನವಾಗಿಯೇ ಕಾಣುತ್ತಾನೆ. ಹಾಗಿದ್ದರೂ, ಆ ಶಿಕ್ಷೆಗಳನ್ನು ನೋಡಿದ ಜನರಲ್ಲಿ ಕನಿಕರವು ಹುಟ್ಟಿತೆಂದೂ, ಇವರು ಸಾಯುವುದು ಲೋಕಹಿತಕ್ಕಲ್ಲ, ಒಬ್ಬನ ಕ್ರೌರ್ಯಕ್ಕಾಗಿ ಎಂದು ಅವರಿಗೆ ತೋರಿತೆಂದೂ ಒಪ್ಪಿಕೊಳ್ಳುತ್ತಾನೆ. ನಮಗೆ ಇದೇ ಇಡೀ ವೃತ್ತಾಂತದ ತಿರುಳಾಗಿ ತೋರುತ್ತದೆ. ಜನರು ವಿನೋದ ನೋಡಲು ಕರೆಯಲ್ಪಟ್ಟಿದ್ದರು. ಸತ್ಯವನ್ನು ಕಂಡು ಹೋದರು.

ಚಿತ್ರವನ್ನು ನೋಡುವಾಗ ನಾವು ಕುಳಿತಿರುವುದು ಆ ಪ್ರೇಕ್ಷಕರ ಸ್ಥಾನದಲ್ಲಿಯೇ. ಸಿಂಹವೂ ಗೂಳಿಯೂ ಬರುವಾಗ ನಮ್ಮ ಉಸಿರು ಬಿಗಿಯುತ್ತದೆ; ಮನೆಗೆ ಬಂದ ಮೇಲೆ ಅವನ್ನೇ ವರ್ಣಿಸುತ್ತೇವೆ. ಆದರೆ ನಿಜವಾದ ಅಪಾಯವು ಮೃಗಗಳಲ್ಲಿರಲಿಲ್ಲ; ‘ಅವರೇ ಮಾಡಿದರು’ ಎಂಬ ಒಂದು ಮಾತಿನಲ್ಲಿತ್ತು. ಊರಲ್ಲಿ ಕೇಡು ಬಂದಾಗ ಕಡಿಮೆ ಸಂಖ್ಯೆಯವರನ್ನು, ಆಚಾರದಲ್ಲಿ ಬೇರೆಯಾದವರನ್ನು ಬೆರಳೆತ್ತಿ ತೋರಿಸುವುದು ಸುಲಭ. ಮುಂದಿನ ಕಾಲಗಳಲ್ಲಿ ಕ್ರೈಸ್ತರೆನಿಸಿಕೊಂಡವರೇ ಹೀಗೆ ಮಾಡಿದ್ದುಂಟು. 1348–49ರಲ್ಲಿ ಯೂರೋಪಿನಲ್ಲಿ ಮಹಾಮಾರಿ ಹರಡಿದಾಗ, ಯೆಹೂದ್ಯರು ಬಾವಿಗಳಿಗೆ ವಿಷ ಹಾಕಿದರೆಂಬ ಸುಳ್ಳಿನಿಂದ ಎಷ್ಟೋ ಪಟ್ಟಣಗಳಲ್ಲಿ ಅವರನ್ನು ಸುಟ್ಟರು. ನೀರೋನನ್ನು ಹಳಿದವರು ನೀರೋನ ಕೆಲಸವನ್ನೇ ಮಾಡಿದರು.

ಆದುದರಿಂದ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಈ ಚಿತ್ರವನ್ನು ಮಕ್ಕಳಿಗೆ ತೋರಿಸಿದ ಮೇಲೆ ಕೆಳಗಿನ ಪ್ರಶ್ನೆಗಳನ್ನು ಅವರೊಂದಿಗೆ ಕುಳಿತು ಆಲೋಚಿಸುವುದು ಒಳ್ಳೆಯದು.

ಒಂದು: ಚಿತ್ರದಲ್ಲಿ ಕಂಡ ಸಂಗತಿಗಳಲ್ಲಿ ಚರಿತ್ರೆ ಯಾವುದು, ಐತಿಹ್ಯ ಯಾವುದು, ಕಲ್ಪನೆ ಯಾವುದು?

ಎರಡು: ಬೆಂಕಿಯನ್ನು ಕ್ರೈಸ್ತರೇ ಹಚ್ಚಿದರೆಂದು ಕೇಳಿದ ರೋಮಿನ ಸಾಮಾನ್ಯ ಗೃಹಿಣಿಯು ಅದನ್ನು ನಂಬುವ ಮುಂಚೆ ಏನೇನು ಕೇಳಬೇಕಾಗಿತ್ತು?

ಮೂರು: ನೆರೆಯವರ ವಿಷಯದಲ್ಲಿ ಅಂಥ ಮಾತು ನಮ್ಮ ಕಿವಿಗೆ ಬಿದ್ದಾಗ ನಾವು ಏನು ಮಾಡುತ್ತೇವೆ?

ಮೂರನೆಯದಕ್ಕೆ ಉತ್ತರವನ್ನು ಮಕ್ಕಳು ನಮ್ಮ ಬಾಯಿಂದ ಕೇಳುವುದಕ್ಕಿಂತ ಹೆಚ್ಚಾಗಿ ನಮ್ಮ ನಡತೆಯಲ್ಲಿ ನೋಡುವರು.