ಹೆರಿಗೆ ನೋವು, ಆಕ್ಸಿಟೋಸಿನ್ ಮತ್ತು ಕುಟುಂಬದ ಹೊಣೆ

ಪವಿತ್ರ ಕುರ್‌ಆನ್‌ನ ಮರ್ಯಮ್ ಅಧ್ಯಾಯದಲ್ಲಿ ಒಂದು ಹೆರಿಗೆಯ ವೃತ್ತಾಂತವಿದೆ. ಪ್ರಸವವೇದನೆಯು ಮರ್ಯಮ್‌(ಅ)ರನ್ನು ಖರ್ಜೂರದ ಮರದ ಬುಡಕ್ಕೆ ಕೊಂಡೊಯ್ದಿತು. ಇದಕ್ಕೆ ಮುಂಚೆಯೇ ಸತ್ತು ಹೋಗಿದ್ದರೆ ಚೆನ್ನಾಗಿತ್ತೆಂದು ಅವರು ಹಂಬಲಿಸುವಷ್ಟು ಸಂಕಟ ಅದಾಗಿತ್ತು. ಅಲ್ಲಾಹನು ಆ ಸಂಕಟವನ್ನು ಕಡೆಗಣಿಸಲಿಲ್ಲ. ದುಃಖಿಸಬೇಡವೆಂಬ ಸಾಂತ್ವನ, ಹರಿಯುವ ತೊರೆ, ಮಾಗಿದ ಖರ್ಜೂರ ಎಲ್ಲವನ್ನೂ ಅವರ ಬಳಿಯಲ್ಲೇ ಒದಗಿಸಿದನು. ಹೆರುವವಳಿಗೆ ಧೈರ್ಯದ ಮಾತೂ ಬೇಕು, ಕಣ್ಣಿಗೆ ಕಾಣುವ ಆಸರೆಯೂ ಬೇಕು ಎಂಬ ಪಾಠ ಇದರಲ್ಲಿದೆ.

ನಮ್ಮ ಕಾಲದಲ್ಲಿ ಅಂತಹ ಆಸರೆಗಳಲ್ಲೊಂದು ಆಕ್ಸಿಟೋಸಿನ್. ಜನರ ಮಾತಿನಲ್ಲಿ ಇದು 'ನೋವು ಬರಿಸುವ ಇಂಜೆಕ್ಷನ್'. ಇದು ಯಾವಾಗ ಜೀವ ಉಳಿಸುತ್ತದೆ, ಯಾವಾಗ ಜೀವಕ್ಕೆ ಎರವಾಗುತ್ತದೆ ಎಂಬುದನ್ನು ಪ್ರತಿಯೊಂದು ಮನೆಯವರೂ ಅರಿತಿರಬೇಕು.

ದೇಹದೊಳಗಿನ ವ್ಯವಸ್ಥೆ

ಆಕ್ಸಿಟೋಸಿನ್ ಮೂಲತಃ ಹೊರಗಿನ ಮದ್ದಲ್ಲ. ಅದು ಮೆದುಳಿನಲ್ಲೇ ತಯಾರಾಗಿ, ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮೂಲಕ ರಕ್ತವನ್ನು ಸೇರುವ ಹಾರ್ಮೋನು. ಹೆರಿಗೆಯ ಹೊತ್ತಿಗೆ ಮಗುವಿನ ತಲೆ ಗರ್ಭಕೋಶದ ಬಾಯಿಯನ್ನು ಒತ್ತುತ್ತದೆ. ಆ ಒತ್ತಡದ ಸುದ್ದಿ ನರಗಳ ಮೂಲಕ ಮೆದುಳಿಗೆ ಮುಟ್ಟಿದಾಗ ಇನ್ನಷ್ಟು ಆಕ್ಸಿಟೋಸಿನ್ ಸ್ರವಿಸುತ್ತದೆ. ಗರ್ಭಕೋಶ ಇನ್ನಷ್ಟು ಬಿಗಿಯುತ್ತದೆ, ತಲೆ ಇನ್ನಷ್ಟು ಕೆಳಗಿಳಿಯುತ್ತದೆ. ಮಗು ಹೊರಬರುವ ತನಕ ಈ ಚಕ್ರ ಸಾಗುತ್ತದೆ. ಬಳಿಕ ಮಗು ಎದೆಗೆ ಬಾಯಿಯಿಟ್ಟಾಗ ಹಾಲು ಇಳಿಯುವಂತೆ ಮಾಡುವುದೂ ಇದೇ ಹಾರ್ಮೋನು. ಸೃಷ್ಟಿಕರ್ತನ ಯೋಜನೆ ಎಷ್ಟು ಸೂಕ್ಷ್ಮವಾದುದೆಂದು ನೋಡಿರಿ!

1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಪಿಟ್ಯುಟರಿ ಗ್ರಂಥಿಯ ಸಾರಕ್ಕೆ ಗರ್ಭಕೋಶವನ್ನು ಬಿಗಿಗೊಳಿಸುವ ಗುಣವಿದೆಯೆಂದು ತೋರಿಸಿದರು. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆಕ್ಸಿಟೋಸಿನ್ ಎಂಬ ಹೆಸರು ಗ್ರೀಕ್ ಭಾಷೆಯದ್ದು. 'ಶೀಘ್ರ ಹೆರಿಗೆ' ಎಂಬುದು ಅದರ ಅರ್ಥ.

ಹೆರಿಗೆ ತಡವಾದಾಗ

ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಬಳಿಕ ಪೂರ್ತಿ ತೆರೆಯಲು ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆ, ನಂತರದ ಹೆರಿಗೆಗಳಲ್ಲಿ 10 ಗಂಟೆ ಮೀರುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ತಿಳಿಸಿದೆ. ಅದಕ್ಕಿಂತ ತಡವಾಗುತ್ತಿದ್ದರೆ ಮೂರು ಸಂಗತಿಗಳನ್ನು ಪರೀಕ್ಷಿಸಬೇಕಾಗುತ್ತದೆ: ನೋವಿಗೆ ಸಾಕಷ್ಟು ಬಲವಿದೆಯೇ? ಮಗುವಿನ ಗಾತ್ರ ಮತ್ತು ಮಲಗಿರುವ ರೀತಿ ಸರಿಯಿದೆಯೇ? ಹೊರಬರುವ ದಾರಿ ಸಾಕಷ್ಟು ಅಗಲವಿದೆಯೇ?

ಆಕ್ಸಿಟೋಸಿನ್ ಪರಿಹರಿಸುವುದು ಇವುಗಳಲ್ಲಿ ಮೊದಲನೆಯದನ್ನು ಮಾತ್ರ. ಮಗು ಅಡ್ಡ ಮಲಗಿದ್ದರೆ ಅಥವಾ ದಾರಿ ಇಕ್ಕಟ್ಟಾಗಿದ್ದರೆ ನೋವನ್ನು ಹೆಚ್ಚಿಸಿ ಪ್ರಯೋಜನವಿಲ್ಲ. ಮುಚ್ಚಿದ ಬಾಗಿಲಿಗೆ ಬಲವಾಗಿ ದೂಡಿದಂತೆ, ಒಡೆಯುವುದು ಗರ್ಭಕೋಶವೇ. ಅಲ್ಲಿ ಸಿಸೇರಿಯನ್ ಶಸ್ತ್ರಕ್ರಿಯೆಯೇ ದಾರಿ.

ಆಸ್ಪತ್ರೆಯಲ್ಲಿ ಇದನ್ನು ಡ್ರಿಪ್‌ನಲ್ಲಿ ಬೆರೆಸಿ, ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುತ್ತಾರೆ. ಕಾರಣವಿದೆ. ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ ಗರ್ಭಕೋಶ ಸಡಿಲವಾದಾಗಲೇ ಮಗುವಿಗೆ ಚೆನ್ನಾಗಿ ರಕ್ತ, ಆಮ್ಲಜನಕ ದೊರೆಯುತ್ತದೆ. 10 ನಿಮಿಷಗಳಲ್ಲಿ 5ಕ್ಕಿಂತ ಹೆಚ್ಚು ಬಾರಿ ನೋವು ಬಂದರೆ ಆ ಬಿಡುವು ಸಿಗದೆ ಮಗು ಬಳಲುತ್ತದೆ. ಡ್ರಿಪ್ ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಮದ್ದಿನ ಪ್ರಭಾವ ಇಳಿಯತೊಡಗುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದರೆ ಗಾಯದ ಜಾಗ ಬಿರಿಯುವ ಭಯವಿರುವುದರಿಂದ ಅದನ್ನು ವೈದ್ಯರಿಗೆ ಮೊದಲೇ ತಿಳಿಸಲೇಬೇಕು.

ಮನೆಯಲ್ಲಿ ಚುಚ್ಚುವ ಸೂಜಿ

ಹೆರಿಗೆ ಬೇಗ ಆಗಲೆಂದು ಮನೆಯಲ್ಲೇ ಈ ಇಂಜೆಕ್ಷನನ್ನು ಮಾಂಸಖಂಡಕ್ಕೆ ಚುಚ್ಚಿಸುವ ರೂಢಿ ನಮ್ಮ ದೇಶದ ಹಲವೆಡೆ ಕಂಡುಬಂದಿದೆ. ಮಗು ಹುಟ್ಟುವ ಮುಂಚೆ ಹೀಗೆ ಚುಚ್ಚುವುದು ಅತ್ಯಂತ ಅಪಾಯಕಾರಿ. ಡ್ರಿಪ್ಪನ್ನು ನಿಲ್ಲಿಸಬಹುದು, ಮೈಯೊಳಗೆ ಸೇರಿದ ಸೂಜಿಮದ್ದನ್ನು ಹಿಂದಕ್ಕೆ ತೆಗೆಯಲಾಗದು. ಗರ್ಭಕೋಶ ಬಿರಿದು ತಾಯಿ, ಮಗು ಇಬ್ಬರೂ ಪ್ರಾಣ ಕಳೆದುಕೊಳ್ಳಬಹುದು. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆಗಿಳಿದವನು ಅದರ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಕಲಿಯದವರಿಂದ ಸೂಜಿ ಚುಚ್ಚಿಸುವವರೂ ಈ ಮಾತನ್ನು ನೆನಪಿಡಬೇಕು.

ಹಾಲು ಕರೆಯಲು ಹಸು, ಎಮ್ಮೆಗಳಿಗೆ ಇದನ್ನು ಚುಚ್ಚುವ ದುರುಪಯೋಗವನ್ನು ತಡೆಯಲು ಕೇಂದ್ರ ಸರಕಾರ 2018ರಲ್ಲಿ ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವ ಹಕ್ಕನ್ನು ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಯೊಂದಕ್ಕೇ ಸೀಮಿತಗೊಳಿಸಲು ಹೊರಟಿತು. ತಾಯಂದಿರಿಗೆ ಮದ್ದಿನ ಕೊರತೆಯಾಗಬಹುದೆಂಬ ಆತಂಕ ಎದ್ದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು.

ಮಗು ಹುಟ್ಟಿದ ಮೇಲೆ

ಕೊರತೆಯ ಆತಂಕಕ್ಕೆ ಕಾರಣವಿತ್ತು. ಹೆರಿಗೆಯ ನಂತರದ ರಕ್ತಸ್ರಾವವು ಜಗತ್ತಿನಾದ್ಯಂತ ತಾಯಂದಿರ ಮರಣದ ಪ್ರಮುಖ ಕಾರಣಗಳಲ್ಲೊಂದು. ಮಗು ಹುಟ್ಟಿದ ಕೂಡಲೇ 10 ಯೂನಿಟ್ ಆಕ್ಸಿಟೋಸಿನ್ ಕೊಟ್ಟರೆ ಗರ್ಭಕೋಶ ಬಿಗಿದು ರಕ್ತಸ್ರಾವದ ಅಪಾಯ ಕಡಿಮೆಯಾಗುತ್ತದೆ. ಇದನ್ನು ಎಲ್ಲ ತಾಯಂದಿರಿಗೂ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಗ ಅದನ್ನು ಮಾಂಸಖಂಡಕ್ಕೆ ಚುಚ್ಚಬಹುದು. ಮದ್ದು ಒಂದೇ, ಹೊತ್ತು ಬದಲಾದರೆ ಫಲವೂ ಬದಲಾಗುತ್ತದೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಬಿಸಿಗೆ ಸಿಕ್ಕಿದ ಮದ್ದು ಶಕ್ತಿ ಕಳೆದುಕೊಳ್ಳುತ್ತದೆ.

ಖರ್ಜೂರ ಸಾಕೇ?

ಖರ್ಜೂರದಲ್ಲಿ ಆಕ್ಸಿಟೋಸಿನ್ ಇದೆಯೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಆದರೆ 2011ರಲ್ಲಿ ಪ್ರಕಟವಾದ ಜೋರ್ಡಾನಿನ ಒಂದು ಅಧ್ಯಯನ ಗಮನಾರ್ಹ. ದಿನ ತುಂಬುವ ಮುನ್ನ ನಾಲ್ಕು ವಾರ ನಿತ್ಯ 6 ಖರ್ಜೂರ ತಿಂದ 69 ಮಹಿಳೆಯರಲ್ಲಿ ಶೇ. 28 ಮಂದಿಗೆ ನೋವಿನ ಮದ್ದು ಬೇಕಾಯಿತು. ತಿನ್ನದ 45 ಮಂದಿಯಲ್ಲಿ ಅದು ಶೇ. 47. ಅಧ್ಯಯನ ಚಿಕ್ಕದು. ಖರ್ಜೂರ ಒಳ್ಳೆಯ ಆಹಾರ. ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ತಿನ್ನಲಿ. ಹೆರಿಗೆ ಕಟ್ಟಿಕೊಂಡಾಗ ಅದು ಆಸ್ಪತ್ರೆಗೆ ಬದಲಿಯಲ್ಲ.

ನಮ್ಮ ಕರ್ತವ್ಯ

ಹೆರಿಗೆಯಲ್ಲಿ ಮರಣ ಹೊಂದಿದ ಸ್ತ್ರೀಗೆ ಹುತಾತ್ಮಳ ಸ್ಥಾನವಿದೆಯೆಂದು ಹದೀಸ್‌ನಲ್ಲಿದೆ. ಅದು ಕಳೆದುಕೊಂಡವರಿಗೆ ಸಾಂತ್ವನ, ಬದುಕಿಸಬಹುದಾದವಳನ್ನು ಕೈಬಿಡಲು ಅನುಮತಿಯಲ್ಲ. ಯಾವ ಆಸ್ಪತ್ರೆ, ಯಾವ ವಾಹನ, ರಕ್ತ ಕೊಡುವವರು ಯಾರು ಎಂಬುದನ್ನು ತಿಂಗಳು ತುಂಬುವ ಮೊದಲೇ ನಿಶ್ಚಯಿಸಿರಿ. ಪತಿ ಗಲ್ಫ್‌ನಲ್ಲಿದ್ದರೆ ಸಿಸೇರಿಯನ್‌ಗೆ ಒಪ್ಪಿಗೆ ಕೊಡುವ ಮಾತನ್ನು ಆಗಲೇ ಮುಗಿಸಿರಿ. ಅವನ ಫೋನಿಗಾಗಿ ಕಾಯುತ್ತಾ ಹೊತ್ತು ಕಳೆಯಬೇಡಿರಿ. ಮಹಿಳಾ ವೈದ್ಯೆ ಸಿಗದಿದ್ದಾಗ ಪುರುಷ ವೈದ್ಯರ ಚಿಕಿತ್ಸೆ ಪಡೆಯಲು ಶರೀಅತ್‌ನಲ್ಲಿ ಅನಿವಾರ್ಯತೆಯ ರಿಯಾಯಿತಿ ಇದೆ. ತಡವಾಗುತ್ತಿದ್ದರೆ 108ಕ್ಕೆ ಕರೆ ಮಾಡಿರಿ. ದುಆ ಮಾಡೋಣ, ಜೊತೆಗೆ ವಾಹನವನ್ನೂ ಹೊರಡಿಸೋಣ. ಮರ್ಯಮ್‌(ಅ)ರಿಗೆ ಸಾಂತ್ವನದ ಜೊತೆ ನೀರನ್ನೂ ಫಲವನ್ನೂ ಕೊಟ್ಟ ಅಲ್ಲಾಹನು ನಮ್ಮ ತಾಯಂದಿರನ್ನೂ ಸಹೋದರಿಯರನ್ನೂ ಕಾಪಾಡಲಿ. ಆಮೀನ್.