ಹೊಟ್ಟೆ ಉಬ್ಬಿದ ದನಕ್ಕೆ ಯಾವ ಔಷಧ?

ನೀರಾವರಿ ಸೌಕರ್ಯವುಳ್ಳ ರೈತರು ಹಾಲಿನ ಹಸುಗಳಿಗಾಗಿ ಕುದುರೆ ಮಸಾಲೆ, ಅಲಸಂದೆ ಮುಂತಾದ ದ್ವಿದಳ ಮೇವುಗಳನ್ನು ಬೆಳೆಯುವುದು ಲಾಭದಾಯಕ. ಸಸಾರಜನಕ ಹೇರಳವಾಗಿರುವುದರಿಂದ ಹಿಂಡಿಯ ಖರ್ಚು ಇಳಿಯುತ್ತದೆ. ಆದರೆ ಹೂ ಬಿಡದ ಎಳೆಯ ಸೊಪ್ಪನ್ನು ಇಬ್ಬನಿ ಆರುವ ಮೊದಲೇ ಕೊಯ್ದು, ಹಸಿದ ದನಕ್ಕೆ ಒಂದೇ ಸಲ ಹೊರೆಗಟ್ಟಲೆ ಹಾಕಿದರೆ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಉಬ್ಬರಿಸಿ ಪ್ರಾಣಕ್ಕೆ ಸಂಚಕಾರ ಬರಬಹುದು. ಆಗ ಕೈಗೆ ಸಿಕ್ಕ ಔಷಧವನ್ನು ಗೊಟ್ಟದಲ್ಲಿ ಕುಡಿಸುವ ಮೊದಲು, ದನ ಏನು ತಿಂದಿದೆ ಎಂಬುದನ್ನು ವಿಚಾರಿಸಬೇಕು.

ದನದ ಮೊದಲನೆಯ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಸದಾ ಅನಿಲ ಉತ್ಪತ್ತಿಯಾಗುತ್ತಿರುತ್ತದೆ. ತೇಗಿನ ಮೂಲಕ ಅದು ಹೊರಹೋಗುತ್ತದೆ. ಎಳೆಯ ದ್ವಿದಳ ಸೊಪ್ಪಿನಲ್ಲಿರುವ, ನೀರಿನಲ್ಲಿ ಕರಗುವ ಸಸಾರಜನಕವು ಈ ಅನಿಲವನ್ನು ಸಾಬೂನಿನ ನೊರೆಯಂತೆ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಹಿಡಿದಿಡುತ್ತದೆ. ದನಕ್ಕೆ ತೇಗಲಾಗುವುದಿಲ್ಲ. ಎಡಪಕ್ಕೆಯ ಹಿಂದಿನ ಗುಂಡಿ ತುಂಬಿ ಮೇಲಕ್ಕೆ ಉಬ್ಬುತ್ತದೆ. ಒತ್ತಡ ಎದೆಗೂಡಿಗೆ ತಾಗಿ ಬಾಯಿ ತೆರೆದು ಏದುಸಿರು ಬಿಡುತ್ತದೆ.

ಇಲ್ಲಿ ಬೇಕಾದುದು ನೊರೆ ಒಡೆಯುವ ಔಷಧ. ಬೆಳೆದ ಹಸುವಿಗೆ 250ರಿಂದ 300 ಮಿ.ಲೀ. ಕಡಲೆಕಾಯಿ ಎಣ್ಣೆ ಅಥವಾ ಬೇರಾವುದಾದರೂ ಅಡಿಗೆಯ ಎಣ್ಣೆಯನ್ನು ಕುಡಿಸಬಹುದು. ಔಷಧದಂಗಡಿಯ ಸಿಮೆಥಿಕೋನ್ ಸಹ ಇದೇ ಕೆಲಸ ಮಾಡುತ್ತದೆ. ಕುಡಿಸುವಾಗ ನಾಲಿಗೆಯನ್ನು ಹೊರಕ್ಕೆಳೆಯಬಾರದು, ತಲೆಯನ್ನು ಅತಿಯಾಗಿ ಎತ್ತಬಾರದು. ಎಣ್ಣೆ ಶ್ವಾಸಕೋಶ ಸೇರಿದರೆ ಉಬ್ಬರ ಇಳಿದರೂ ದನ ಉಳಿಯುವುದು ಕಷ್ಟ. ಮುಂಗಾಲುಗಳು ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಬಾಯಿಗೆ ಅಡ್ಡಲಾಗಿ ಕೋಲು ಕಟ್ಟಿದರೆ ಅದನ್ನು ಅಗಿಯುತ್ತ ಜೊಲ್ಲು ನುಂಗಿ ತೇಗತೊಡಗುತ್ತದೆ. ಸೀಮೆಎಣ್ಣೆ ಕುಡಿಸುವ ರೂಢಿ ಕೆಲವೆಡೆ ಇದೆ, ಅದು ಬೇಡ. ಚೂಪಾದ ನಳಿಗೆಯಿಂದ ಹೊಟ್ಟೆ ಚುಚ್ಚುವುದು ಪಶುವೈದ್ಯರ ಕೆಲಸ, ಅದೂ ಕೊನೆಯ ಉಪಾಯ. ನೊರೆಯುಬ್ಬರದಲ್ಲಿ ಬರಿಯ ನಳಿಗೆಯಿಂದ ಹೆಚ್ಚು ಗಾಳಿ ಹೊರಬರುವುದಿಲ್ಲವಾದ್ದರಿಂದ ಅದರ ಮೂಲಕವೂ ನೊರೆ ಒಡೆಯುವ ಔಷಧವನ್ನೇ ಹಾಕಬೇಕಾಗುತ್ತದೆ.

ಮದುವೆ ಮನೆಯಲ್ಲಿ ಉಳಿದ ಅನ್ನವನ್ನೋ, ಕಣದಲ್ಲಿ ರಾಶಿ ಹಾಕಿದ ಜೋಳವನ್ನೋ ಹೊಟ್ಟೆ ಬಿರಿಯ ತಿಂದ ದನದ ಹೊಟ್ಟೆಯೂ ದೊಡ್ಡದಾಗುತ್ತದೆ. ಆದರೆ ಇದು ನೊರೆಯಲ್ಲ, ಹುಳಿ. ಹೊಟ್ಟೆಯಲ್ಲಿ ನೀರು ತುಂಬಿ ಕುಲುಕುತ್ತದೆ, ಸಗಣಿ ತೆಳ್ಳಗಾಗಿ ಹುಳಿವಾಸನೆ ಬರುತ್ತದೆ, ದನ ತೂರಾಡುತ್ತದೆ. ಎಣ್ಣೆಯಿಂದ ಪ್ರಯೋಜನವಿಲ್ಲ. ಸುಮಾರು 100 ಗ್ರಾಂ ಅಡಿಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಒಣಹುಲ್ಲು ಮಾತ್ರ ಮುಂದಿಟ್ಟು ವೈದ್ಯರನ್ನು ಕರೆಸಬೇಕು. ದನ ತಾನೇ ನೆಲಕ್ಕೆ ಒರಗುವವರೆಗೆ ಕಾಯಕೂಡದು.

ಜೋಳದ ಎಳೆಯ ಪೈರು ಅಥವಾ ಕೂಳೆಯ ಚಿಗುರು, ಅದರಲ್ಲೂ ಬರದಲ್ಲಿ ಬಾಡಿದ್ದು, ಇನ್ನೂ ಅಪಾಯಕರ. ಅದರಲ್ಲಿ ಹೈಡ್ರೋಸಯನಿಕ್ ಆಮ್ಲ ಉಂಟಾಗುತ್ತದೆ. ಮೇಯ್ದ ಕೆಲವೇ ನಿಮಿಷಗಳಲ್ಲಿ ದನ ನಡುಗಿ ಬೀಳಬಹುದು, ವಸಡು ಕೆಂಪಗಿರುತ್ತದೆ. ಇದಕ್ಕೆ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ದ್ರಾವಣಗಳನ್ನು ವೈದ್ಯರು ರಕ್ತನಾಳಕ್ಕೆ ಕೊಡಬೇಕು. ಮನೆಮದ್ದಿಗೆ ಸಮಯವಿಲ್ಲ. ಜೋಳವನ್ನು ಹೂ ಬಿಟ್ಟ ನಂತರವೇ ಕೊಯ್ದು ಹಾಕಿರಿ. ಕುದುರೆ ಮಸಾಲೆಯನ್ನಾದರೋ ಹೂ ಕಾಣಿಸತೊಡಗಿದಾಗ ಕೊಯ್ದು, ಬಾಡಿಸಿ, ಹುಲ್ಲಿನೊಡನೆ ಕತ್ತರಿಸಿ ಬೆರೆಸಿ ಕೊಟ್ಟರೆ ಎಣ್ಣೆಯ ಸೀಸೆ ಹುಡುಕುವ ಪ್ರಮೇಯವೇ ಬರುವುದು ಅಪರೂಪ.

ಬಾಯಿಯ ವಿಷಯ ಬೇರೆ. ಜೊಲ್ಲು ಸುರಿಸುತ್ತ ಕುಂಟುವ ದನಕ್ಕೆ ಕಾಲುಬಾಯಿ ಜ್ವರವಿರಬಹುದು. ಅದು ವೈರಸ್ ರೋಗ. ಗುಣಪಡಿಸುವ ಔಷಧವಿಲ್ಲ, ಆರು ತಿಂಗಳಿಗೊಮ್ಮೆ ಲಸಿಕೆಯೇ ರಕ್ಷಣೆ. ಹುಣ್ಣುಗಳನ್ನು 1 ಲೀಟರ್ ನೀರಿಗೆ 1 ಗ್ರಾಂ ಪೊಟ್ಯಾಸಿಯಂ ಪರಮಾಂಗನೇಟ್ ಬೆರೆಸಿದ ದ್ರಾವಣದಿಂದ ತೊಳೆದು, ಗಂಜಿ ಕೊಡಿರಿ. ಜೊಲ್ಲು ಸುರಿಯುತ್ತಿದ್ದು, ನುಂಗಲಾರದೆ, ಕೂಗುವ ದನಿಯೂ ಒಡೆದಿದ್ದರೆ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬರಿಗೈ ಹಾಕಲೇಬೇಡಿರಿ. ಹುಚ್ಚುನಾಯಿ ಕಚ್ಚಿದ ದನವೂ ಹೀಗೆಯೇ ಕಾಣುತ್ತದೆ. ಈಗಾಗಲೇ ಕೈ ಹಾಕಿದ್ದರೆ ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿರಿ.