ಟ್ರ್ಯಾಕ್ಟರ್ ಮತ್ತು ಕಾರಿನ ಎಂಜಿನ್‌ಗೆ ಸರಿಯಾದ ಎಣ್ಣೆಯ ಆಯ್ಕೆ

ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆಯ ಆಯ್ಕೆ ಅಷ್ಟು ಕಷ್ಟದ ಕೆಲಸವಾಗಿರಲಿಲ್ಲ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಚ್ಚಿಗೆ ಬಳಿದರೆ ಸಾಕು, ಗಾಡಿ ಕಿರುಗುಟ್ಟದೆ ಸಾಗುತ್ತಿತ್ತು. ಈಗ ಅನೇಕ ರೈತರ ಮನೆಯಂಗಳದಲ್ಲಿ ಟ್ರ್ಯಾಕ್ಟರ್ ಅಥವಾ ಪವರ್ ಟಿಲ್ಲರ್ ಇದೆ. ಜೊತೆಗೆ ಡೀಸೆಲ್ ಪಂಪ್‌ಸೆಟ್, ಒಂದು ಮೋಟಾರ್ ಸೈಕಲ್, ಕೆಲವರಲ್ಲಿ ಕಾರು ಸಹ ಇದೆ. ಇವೆಲ್ಲಕ್ಕೂ ಎಂಜಿನ್ ಎಣ್ಣೆ ಬೇಕು. ಆದರೆ ಇವೆಲ್ಲಕ್ಕೂ ಒಂದೇ ಎಣ್ಣೆ ಸಲ್ಲದು. ಅಂಗಡಿಗೆ ಹೋಗಿ "ಒಂದು ಡಬ್ಬಿ ಆಯಿಲ್ ಕೊಡಿ" ಎಂದು ಕೇಳಿ, ಅಂಗಡಿಯವನು ಕೊಟ್ಟದ್ದನ್ನು ತಂದು ಸುರಿಯುವ ಪದ್ಧತಿ ಹಳ್ಳಿಗಳಲ್ಲಿ ಇಂದಿಗೂ ಸಾಮಾನ್ಯವಾಗಿದೆ. ಅದರ ಪರಿಣಾಮ ಕೂಡಲೇ ಕಾಣುವುದಿಲ್ಲ. ಮೃಗಶಿರ ಮಳೆ ಬಿದ್ದು, ನೆಲ ಹದಕ್ಕೆ ಬಂದು, ಊರಿನವರೆಲ್ಲ ಬಿತ್ತನೆಗೆ ಇಳಿದ ವಾರದಲ್ಲಿ ಎಂಜಿನ್ ಹಿಡಿದುಕೊಂಡು ನಿಂತಾಗ ಕಾಣುತ್ತದೆ. ಆಗ ಮೆಕ್ಯಾನಿಕ್ಕನಿಗೆ ತೆರುವ ಹಣ ಒಂದು ಕಡೆ, ತಪ್ಪಿಹೋದ ಹದ ಇನ್ನೊಂದು ಕಡೆ. ಎರಡನೆಯ ನಷ್ಟವನ್ನು ಯಾವ ಗ್ಯಾರೇಜಿನವರೂ ತುಂಬಿಕೊಡಲಾರರು.

ಎಣ್ಣೆ ಮಾಡುವ ಕೆಲಸ

ಎಂಜಿನ್ನಿನ ಕ್ರ್ಯಾಂಕ್ ಮತ್ತು ಬೇರಿಂಗಿನ ನಡುವೆ, ಪಿಸ್ಟನ್ ರಿಂಗು ಮತ್ತು ಸಿಲಿಂಡರಿನ ಗೋಡೆಯ ನಡುವೆ ತಲೆಗೂದಲಿಗಿಂತಲೂ ಎಷ್ಟೋ ತೆಳುವಾದ ಎಣ್ಣೆಯ ಪೊರೆಯೊಂದು ನಿಂತಿರುತ್ತದೆ. ಈ ಪೊರೆ ಇರುವವರೆಗೆ ಲೋಹ ಲೋಹಕ್ಕೆ ತಾಗುವುದಿಲ್ಲ. ಪೊರೆ ಹರಿದರೆ ಸವಕಳಿ ಪ್ರಾರಂಭವಾಯಿತೆಂದೇ ತಿಳಿಯಬೇಕು. ಘರ್ಷಣೆ ತಗ್ಗಿಸುವುದಲ್ಲದೆ, ರೇಡಿಯೇಟರಿನ ನೀರು ತಲುಪದ ಪಿಸ್ಟನ್ನಿನ ಅಡಿಭಾಗದ ಶಾಖವನ್ನು ಎಣ್ಣೆಯೇ ಹೊತ್ತು ತರುತ್ತದೆ. ರಿಂಗುಗಳ ಸಂದನ್ನು ಮುಚ್ಚಿ ಒತ್ತಡ ಸೋರದಂತೆ ತಡೆಯುತ್ತದೆ. ಡೀಸೆಲ್ ಉರಿದು ಉಂಟಾಗುವ ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುತ್ತದೆ, ಆಮ್ಲವನ್ನು ಶಮನ ಮಾಡುತ್ತದೆ.

ಇಲ್ಲಿ ಒಂದು ಸಂದೇಹ ನಿವಾರಣೆ ಅಗತ್ಯ. ಹೊಸ ಎಣ್ಣೆ ಹಾಕಿದ ಕೆಲವೇ ದಿನಗಳಲ್ಲಿ ಅದು ಕಪ್ಪಾಯಿತು, ಆದ್ದರಿಂದ ಎಣ್ಣೆ ಕಳಪೆಯದು ಎಂದು ದೂರುವ ರೈತರು ಬಹಳ ಮಂದಿ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಕಪ್ಪಾಗುವುದು ಅದು ಮಸಿಯನ್ನು ಗೋಡೆಗೆ ಅಂಟಗೊಡದೆ ತನ್ನಲ್ಲಿ ಸೇರಿಸಿಕೊಳ್ಳುತ್ತಿರುವುದರ ಗುರುತು. ಬಹಳ ದಿನ ಓಡಿದರೂ ಎಣ್ಣೆ ತಿಳಿಯಾಗಿಯೇ ಉಳಿದರೆ ಆಗಲೇ ಸ್ವಲ್ಪ ಅನುಮಾನಪಡಬೇಕು. ಬಣ್ಣ ನೋಡಿ ಅಥವಾ ಬೆರಳಿನ ನಡುವೆ ಉಜ್ಜಿ ಎಣ್ಣೆಯ ಗುಣ ಹೇಳಲು ಎಂತಹ ಅನುಭವಿಯಿಂದಲೂ ಆಗದು.

ಡಬ್ಬಿಯ ಮೇಲಿನ ಅಂಕಿಗಳು

ಡಬ್ಬಿಯ ಮೇಲೆ ಎರಡು ಬಗೆಯ ಗುರುತುಗಳಿರುತ್ತವೆ. ಮೊದಲನೆಯದು ಎಸ್.ಎ.ಇ. ಸಂಖ್ಯೆ. ಇದು ಎಣ್ಣೆಯ ಸ್ನಿಗ್ಧತೆಯನ್ನು, ಎಂದರೆ ಅದು ಎಷ್ಟು ಮಂದ ಎಂಬುದನ್ನು ಹೇಳುತ್ತದೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವು 1911ರಲ್ಲಿ ಪ್ರಾರಂಭಿಸಿದ ಈ ವರ್ಗೀಕರಣ ಅನೇಕ ಬಾರಿ ತಿದ್ದುಪಡಿಯಾಗಿ ಇಂದಿಗೂ ಬಳಕೆಯಲ್ಲಿದೆ.

ಎಲ್ಲ ಎಣ್ಣೆಯೂ ಚಳಿಯಲ್ಲಿ ಮಂದವಾಗುತ್ತದೆ, ಶಾಖದಲ್ಲಿ ತೆಳುವಾಗುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಸೀಸೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 15ಡಬ್ಲ್ಯು-40 ಎಂದು ಬರೆದಿದ್ದರೆ, ಮೊದಲ ಅಂಕಿ ಚಳಿಯಲ್ಲಿನ ಗುಣಕ್ಕೆ ಸಂಬಂಧಿಸಿದ್ದು. 'ಡಬ್ಲ್ಯು' ಎಂಬ ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಎರಡನೆಯ ಅಂಕಿ 100 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು ತಿಳಿಸುತ್ತದೆ. 40 ಎಂಬ ದರ್ಜೆಯ ಎಣ್ಣೆಯ ಸ್ನಿಗ್ಧತೆ ಆ ಶಾಖದಲ್ಲಿ 12.5ರಿಂದ 16.3 ಸೆಂಟಿಸ್ಟೋಕ್‌ನೊಳಗೆ ಇರತಕ್ಕದ್ದು. 30ರ ದರ್ಜೆಗೆ ಇದು 9.3ರಿಂದ 12.5. ಸಾಧಾರಣ ಉಷ್ಣಾಂಶದ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್ ಎಂದರೆ ಹೋಲಿಕೆ ಸುಲಭವಾಗಿ ತಿಳಿಯುತ್ತದೆ.

ಬರೀ 30 ಅಥವಾ 40 ಎಂದು ಒಂದೇ ಅಂಕಿಯಿರುವ ಎಣ್ಣೆಗಳು ಹಿಂದಿನಿಂದ ಬಂದವು. ಅವು ಬೆಳಗಿನ ಚಳಿಯಲ್ಲಿ ಗಟ್ಟಿಯಾಗಿದ್ದು, ಎಂಜಿನ್ ಕಾದಂತೆ ಬಹಳ ತೆಳುವಾಗುತ್ತವೆ. ಎರಡು ಅಂಕಿಯ ಎಣ್ಣೆಯಲ್ಲಿ ಶಾಖಕ್ಕೆ ಹಿಗ್ಗುವ ಒಂದು ಬಗೆಯ ಪಾಲಿಮರ್ ಸೇರಿಸಿರುತ್ತಾರೆ. ಇದರಿಂದ ಎಣ್ಣೆ ಚಳಿಯಲ್ಲಿ ಬೇಗ ಹರಿಯುತ್ತದೆ, ಕಾದಾಗಲೂ ಅತಿಯಾಗಿ ತೆಳುವಾಗುವುದಿಲ್ಲ. ಎಂಜಿನ್ ಚಾಲೂ ಮಾಡಿದ ಮೊದಲ ಕೆಲವು ಕ್ಷಣ, ಎಣ್ಣೆ ಮೇಲಿನ ಭಾಗಗಳನ್ನು ಇನ್ನೂ ತಲುಪಿರದ ಕಾರಣ, ಸವಕಳಿ ಹೆಚ್ಚು. ಚಾಲೂ ಮಾಡಿದ ಕೂಡಲೇ ಆಕ್ಸಿಲರೇಟರ್ ಒತ್ತಿ ಗುಡುಗಿಸುವವರು ಇದನ್ನು ಗಮನಿಸಬೇಕು.

15ಡಬ್ಲ್ಯು ಒಳ್ಳೆಯದೋ 20ಡಬ್ಲ್ಯು ಒಳ್ಳೆಯದೋ ಎಂದು ಕೇಳುವವರುಂಟು. 15ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ, 20ಡಬ್ಲ್ಯುವನ್ನು 15 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಪರೀಕ್ಷೆ ಮಾಡುತ್ತಾರೆ. ಮಡಿಕೇರಿಯ ಜನವರಿಯ ಬೆಳಗೂ ಅಲ್ಲಿಯವರೆಗೆ ಇಳಿಯುವುದಿಲ್ಲ. ಆದ್ದರಿಂದ ನಮ್ಮ ರಾಜ್ಯದ ಮಟ್ಟಿಗೆ ಎಂಜಿನ್ ಚಾಲೂ ಆಗುವುದೋ ಇಲ್ಲವೋ ಎಂಬ ಪ್ರಶ್ನೆ ಏಳುವುದಿಲ್ಲ. ಆದರೂ ಎಣ್ಣೆ ಬೇಗ ಮೇಲೇರುವ ದೃಷ್ಟಿಯಿಂದ 15ಡಬ್ಲ್ಯು ಸ್ವಲ್ಪ ಮೇಲು. ಎಂಜಿನ್ ತಯಾರಕರು ಎರಡಕ್ಕೂ ಒಪ್ಪಿಗೆ ಕೊಟ್ಟಿದ್ದರೆ 15ಡಬ್ಲ್ಯು-40 ಕೊಳ್ಳುವುದು ಉತ್ತಮವೆಂದು ನಮ್ಮ ಅಭಿಪ್ರಾಯ. ರಾಯಚೂರು, ಕಲಬುರಗಿಯ ಬೇಸಿಗೆಗೆ ಅದು ತಾಳದು ಎಂಬ ಭಯಕ್ಕೆ ಆಧಾರವಿಲ್ಲ. ಬಿಸಿಲಿಗೆ ತಡೆಯಬೇಕಾದ್ದು ಎರಡನೆಯ ಅಂಕಿ, ಅದು ಎರಡರಲ್ಲಿಯೂ 40.

ಅಕ್ಷರಗಳ ಅರ್ಥ

ಎರಡನೆಯ ಗುರುತು ಎ.ಪಿ.ಐ. ದರ್ಜೆ. ರೈತರು ಇದನ್ನು ನೋಡುವುದು ಕಡಿಮೆ. ಆದರೆ ಹೆಚ್ಚು ನೋಡಬೇಕಾದ್ದು ಇದನ್ನೇ. ಸ್ನಿಗ್ಧತೆ ಒಂದೇ ಆಗಿರುವ ಎರಡು ಎಣ್ಣೆಗಳ ಗುಣದಲ್ಲಿ ಅಜಗಜಾಂತರ ಇರಬಹುದು. 'ಎಸ್' ಅಕ್ಷರದಿಂದ ಪ್ರಾರಂಭವಾದರೆ ಪೆಟ್ರೋಲ್ ಎಂಜಿನ್ನಿನದು, 'ಸಿ' ಅಕ್ಷರದಿಂದ ಪ್ರಾರಂಭವಾದರೆ ಡೀಸೆಲ್ಲಿನದು. ಮುಂದಿನ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ದರ್ಜೆ ಹೊಸದು. ಡೀಸೆಲ್ಲಿನಲ್ಲಿ ಸಿ.ಎಫ್.-4 ಬಂದದ್ದು 1990ರಲ್ಲಿ, ಸಿ.ಎಚ್.-4 ಬಂದದ್ದು 1998ರಲ್ಲಿ, ಸಿ.ಐ.-4 ಬಂದದ್ದು 2002ರಲ್ಲಿ. ಸಿ.ಜೆ.-4 2006ರಲ್ಲಿ ಬಂದಿತು. ಸಿ.ಕೆ.-4 2016ರ ಡಿಸೆಂಬರಿನಲ್ಲಿ ಜಾರಿಗೆ ಬಂದಿತು.

ಸಿ.ಎಫ್.-4 ಕೇಳುವ ಹಳೆಯ ಟ್ರ್ಯಾಕ್ಟರಿಗೆ ಸಿ.ಎಚ್.-4 ಅಥವಾ ಸಿ.ಐ.-4 ಹಾಕಬಹುದು. ಸಿ.ಐ.-4 ಕೇಳುವ ಎಂಜಿನ್ನಿಗೆ ಸಿ.ಎಫ್.-4 ಹಾಕಬಾರದು. ಡಬ್ಬಿಗೆ ಕೆಲವು ರೂಪಾಯಿ ಕಡಿಮೆ ಎಂದು ಹೀಗೆ ಹಿಂದಕ್ಕೆ ಹೋಗುವುದು ಉಳಿತಾಯವಲ್ಲ.

ಹೊಸ ದೊಡ್ಡ ಟ್ರ್ಯಾಕ್ಟರ್ ಕೊಂಡವರಿಗೆ ಒಂದು ವಿಶೇಷ ಎಚ್ಚರಿಕೆ. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಜಾರಿಗೆ ಬಂದಿದೆ. ಇದಕ್ಕಾಗಿ ಕೆಲವು ಮಾದರಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕ ಅಳವಡಿಸಿದ್ದಾರೆ. 2020ರ ಏಪ್ರಿಲ್ ನಂತರದ ಡೀಸೆಲ್ ಕಾರು, ಜೀಪುಗಳಲ್ಲಿಯೂ ಇದು ಸಾಮಾನ್ಯ. ಮಸಿಯನ್ನು ಸುಟ್ಟು ಹೊರಹಾಕಬಹುದು, ಆದರೆ ಎಣ್ಣೆ ಉರಿದು ಉಳಿಯುವ ಲೋಹದ ಬೂದಿಯನ್ನು ಸುಡಲಾಗದು. ಅದು ಸೋಸುಕದಲ್ಲಿಯೇ ಕೂತು ದಾರಿ ಕಟ್ಟುತ್ತದೆ. ಅಂತಹ ಎಂಜಿನ್ನಿಗೆ ಬೂದಿಯ ಅಂಶ ಕಡಿಮೆಯಿರುವ ಎಣ್ಣೆಯನ್ನೇ, ಅಂದರೆ ಸಿ.ಜೆ.-4, ಸಿ.ಕೆ.-4 ಅಥವಾ ತಯಾರಕರು ಹೆಸರಿಸಿದ ಬೇರೆ ದರ್ಜೆಯನ್ನೇ ಹಾಕತಕ್ಕದ್ದು. ಮನೆಯ ಹಳೆಯ ಟ್ರ್ಯಾಕ್ಟರಿಗೆ ತಂದ ಡಬ್ಬಿಯಲ್ಲಿ ಮಿಕ್ಕಿದ್ದನ್ನು ಇದಕ್ಕೆ ಸುರಿಯುವುದು ಬೇಡ. ಎಫ್.ಎ.-4 ಎಂಬ ಇನ್ನೊಂದು ದರ್ಜೆಯಿದೆ. ಅದು ತೆಳು ಎಣ್ಣೆ, ಹಳೆಯ ಎಂಜಿನ್ನುಗಳಿಗೆ ಸಲ್ಲುವುದಿಲ್ಲ.

ಕಾರಿಗೆ ಯಾವುದು?

ಅಂಬಾಸಡರ್ ಕಾರು ಮತ್ತು ಹಳೆಯ ಜೀಪುಗಳಿಗೆ 20ಡಬ್ಲ್ಯು-40 ಹಾಕಿ ರೂಢಿಯಾದವರು ಈಗಿನ ಪೆಟ್ರೋಲ್ ಕಾರಿನ ಪುಸ್ತಕದಲ್ಲಿ 0ಡಬ್ಲ್ಯು-20 ಎಂದಿರುವುದನ್ನು ಕಂಡು ಬೆಚ್ಚುತ್ತಾರೆ. "ಇಷ್ಟು ನೀರಾದ ಎಣ್ಣೆ ನಮ್ಮ ಬಿಸಿಲಿಗೆ ಹೇಗೆ ತಡೆದೀತು?" ಎಂದು ತಾವೇ ಗಟ್ಟಿ ಎಣ್ಣೆ ಹಾಕಿಸುತ್ತಾರೆ. ಇದು ಸರಿಯಲ್ಲ. ಇಂದಿನ ಎಂಜಿನ್ನಿನ ಬೇರಿಂಗ್ ಸಂದು, ಎಣ್ಣೆ ಪಂಪು, ಎಣ್ಣೆ ಹರಿಯುವ ಕಿರುದಾರಿಗಳನ್ನು ಆ ತೆಳು ಎಣ್ಣೆಗೆಂದೇ ರೂಪಿಸಿದ್ದಾರೆ. ಮಂದ ಎಣ್ಣೆಯಿಂದ ಮೈಲೇಜು ಇಳಿಯುತ್ತದೆ, ಚಾಲೂ ಮಾಡಿದಾಗ ಎಣ್ಣೆ ಮೇಲೇರುವುದು ತಡವಾಗುತ್ತದೆ. ಹಾಗೆಯೇ ಲಕ್ಷಾಂತರ ಕಿಲೋಮೀಟರ್ ಓಡಿದ ಹಳೆಯ ಕಾರಿಗೆ, ದುಬಾರಿಯಾದ್ದರಿಂದ ಒಳ್ಳೆಯದಿರಬೇಕೆಂದು 0ಡಬ್ಲ್ಯು-20 ಹಾಕುವುದೂ ತಪ್ಪು. ಪೆಟ್ರೋಲಿಗೆ ಸದ್ಯ ಎಸ್.ಎನ್. (2010) ಮತ್ತು ಎಸ್.ಪಿ. (2020) ದರ್ಜೆಗಳು ಸುಲಭವಾಗಿ ಸಿಗುತ್ತವೆ.

ಸಿಂಥೆಟಿಕ್ ಎಣ್ಣೆಯ ಬಗ್ಗೆ ಬಹಳ ಜಾಹೀರಾತು ನಡೆದಿದೆ. ಅದು ಹೆಚ್ಚು ಶಾಖ ತಾಳುತ್ತದೆ, ನಿಜ. ಆದರೆ ಪುಸ್ತಕದಲ್ಲಿ ಮಿನರಲ್ 15ಡಬ್ಲ್ಯು-40 ಸಾಕೆಂದಿರುವ 40 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಅಷ್ಟು ಹಣ ಸುರಿಯುವ ಬದಲು, ಕಾಲಕಾಲಕ್ಕೆ ಎಣ್ಣೆ ಮತ್ತು ಸೋಸುಕ ಬದಲಾಯಿಸುವುದರಿಂದ ಲಾಭ ಹೆಚ್ಚು.

ಮೋಟಾರ್ ಸೈಕಲ್ಲಿಗೆ ಕಾರಿನ ಎಣ್ಣೆ ಬೇಡ. ಅದರ ಕ್ಲಚ್ಚು ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ ಜಾರತೊಡಗುತ್ತದೆ. ಜೆ.ಎ.ಎಸ್.ಒ. ಎಂ.ಎ. ಅಥವಾ ಎಂ.ಎ.-2 ಎಂಬ ಗುರುತನ್ನು ನೋಡಿ ಕೊಳ್ಳಿ. ಕಳೆ ಕತ್ತರಿಸುವ ಟೂ ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲಿನಲ್ಲಿ ಬೆರೆಸುವ 2ಟಿ ಎಣ್ಣೆಯೇ ಬೇಕು. ಟ್ರ್ಯಾಕ್ಟರಿನ ಗೇರು ಮತ್ತು ಹೈಡ್ರಾಲಿಕ್ ಪೆಟ್ಟಿಗೆಗೆ ಬೇರೆಯೇ ಎಣ್ಣೆಯಿದೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇರುವ ಟ್ರ್ಯಾಕ್ಟರುಗಳಲ್ಲಿ ಎಂಜಿನ್ ಎಣ್ಣೆ ಸುರಿದರೆ ಬ್ರೇಕು ಹಿಡಿಯುವುದೇ ಅನುಮಾನ.

ಹಳೆಯ ಪಂಪ್‌ಸೆಟ್‌ಗಳು

ನಿಧಾನವಾಗಿ ತಿರುಗುವ ಹಳೆಯ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನುಗಳು ಇನ್ನೂ ಅನೇಕ ಬಾವಿಗಳ ಮೇಲಿವೆ. ಇವುಗಳಲ್ಲಿ ಕೆಲವಕ್ಕೆ ಎಣ್ಣೆಯ ಸೋಸುಕವೇ ಇಲ್ಲ. ಮಸಿಯೂ ಲೋಹದ ಪುಡಿಯೂ ತಳದಲ್ಲಿ ಕೆಸರಾಗಿ ಕೂರುತ್ತವೆ. ಇವಕ್ಕೆ ತಯಾರಕರು ಸಾಮಾನ್ಯವಾಗಿ 30 ಅಥವಾ 40ರ ಒಂಟಿ ದರ್ಜೆಯನ್ನು ಹೇಳಿರುತ್ತಾರೆ. ವರ್ಷಾನುಗಟ್ಟಲೆ ಹಳೆಯ ಬಗೆಯ ಎಣ್ಣೆಯಲ್ಲಿ ಓಡಿದ ಎಂಜಿನ್ನಿಗೆ ಶುದ್ಧಗೊಳಿಸುವ ಗುಣ ಹೆಚ್ಚಿರುವ ಹೊಸ ಎಣ್ಣೆಯನ್ನು ಒಮ್ಮೆಗೇ ಹಾಕಿದರೆ, ತಳದ ಕೆಸರು ಎದ್ದು ಎಣ್ಣೆಯ ದಾರಿ ಕಟ್ಟುವ ಸಂಭವವುಂಟು. ಬದಲಾಯಿಸಲೇಬೇಕಿದ್ದರೆ ಮೊದಲು ತಳದ ಮುಚ್ಚಳ ಬಿಚ್ಚಿ ಚೊಕ್ಕಟ ಮಾಡಿ, ಮೊದಲ ಒಂದೆರಡು ಸಲ ಬೇಗ ಬೇಗ ಎಣ್ಣೆ ಇಳಿಸಬೇಕು.

ಹೊಗೆ ಹೆಚ್ಚಾಯಿತೆಂದು ಗೇರಿನ 90 ನಂಬರ್ ಎಣ್ಣೆಯನ್ನು ಎಂಜಿನ್ನಿಗೆ ಬೆರೆಸುವವರಿದ್ದಾರೆ. ಗೇರಿನ ಎಣ್ಣೆಗೆ ಮಸಿ ಮತ್ತು ಆಮ್ಲ ತಡೆಯುವ ಗುಣವಿಲ್ಲ. ಗೇರಿನ ಅಂಕಿಗಳ ಅಳತೆಯೇ ಬೇರೆ, ಆ 90ಕ್ಕೂ ಎಂಜಿನ್ನಿನ 40ಕ್ಕೂ ನೇರ ಹೋಲಿಕೆಯಿಲ್ಲ. ಬೋರಿಗೆ ಬಂದ ಎಂಜಿನ್ನನ್ನು ಯಾವ ಎಣ್ಣೆಯೂ ಸರಿಮಾಡದು.

ಬದಲಾಯಿಸುವ ಕಾಲ

ಟ್ರ್ಯಾಕ್ಟರಿಗೆ ಲೆಕ್ಕ ಕಿಲೋಮೀಟರಿನದಲ್ಲ, ಗಂಟೆಯದು. ಅನೇಕ ಮಾದರಿಗಳಲ್ಲಿ ಹೊಸದರಲ್ಲಿ 50 ಗಂಟೆಗೆ ಒಮ್ಮೆ, ಅನಂತರ 250 ಗಂಟೆಗೊಮ್ಮೆ ಬದಲಾವಣೆ ಹೇಳಿರುತ್ತಾರೆ. ನಿಮ್ಮ ಪುಸ್ತಕದಲ್ಲಿರುವುದೇ ಪ್ರಮಾಣ. ಬಾಡಿಗೆಗೆ ದಿನಕ್ಕೆ 10 ಗಂಟೆ ಓಡುವ ಟ್ರ್ಯಾಕ್ಟರ್ 250 ಗಂಟೆಯನ್ನು 25 ದಿನದಲ್ಲಿ ಮುಗಿಸುತ್ತದೆ. ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಎಣ್ಣೆ ಬದಲಾಯಿಸುವ ಲೆಕ್ಕ ಇಂತಹವರಿಗೆ ಹೊಂದದು. ಕಡಿಮೆ ಓಡಿಸುವವರು ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು.

ಹಿಂದಿನವರು ಬೇಗ ಬೇಗ ಎಣ್ಣೆ ಬದಲಾಯಿಸುತ್ತಿದ್ದುದಕ್ಕೆ ಕಾರಣವಿತ್ತು. 1990ರ ದಶಕದ ಪ್ರಾರಂಭದಲ್ಲಿ ನಮ್ಮ ಡೀಸೆಲ್ಲಿನಲ್ಲಿ ಗಂಧಕ ಶೇಕಡಾ 1ರವರೆಗೂ ಇರಬಹುದಾಗಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಅದು ಹತ್ತು ಲಕ್ಷ ಭಾಗಕ್ಕೆ 10 ಭಾಗಕ್ಕೆ ಇಳಿದಿದೆ, ಅಂದರೆ ಸಾವಿರದಲ್ಲಿ ಒಂದು ಪಾಲು. ಗಂಧಕದಿಂದ ಹುಟ್ಟುವ ಆಮ್ಲ ಈಗ ಕಡಿಮೆ. ಆದರೆ ಧೂಳು ಕಡಿಮೆಯಾಗಿಲ್ಲ. ಒಣಭೂಮಿಯಲ್ಲಿ ಕುಂಟೆ, ರೋಟವೇಟರ್ ಹೊಡೆಯುವಾಗ ಏಳುವ ಧೂಳಿನಲ್ಲಿರುವ ಮರಳಿನ ಕಣ ಎಣ್ಣೆ ಸೇರಿದರೆ ಸಾಣೆಯಂತೆ ಅರೆಯುತ್ತದೆ. ಆದ್ದರಿಂದ ಎಣ್ಣೆಯ ಆಯುಸ್ಸು ಅರ್ಧದಷ್ಟು ಗಾಳಿಯ ಸೋಸುಕದ ಕೈಯಲ್ಲಿದೆ ಎಂದರೂ ಸಲ್ಲುತ್ತದೆ. ಎಣ್ಣೆಯ ಬಟ್ಟಲಿರುವ ಸೋಸುಕವಾದರೆ ಅದಕ್ಕೆ ಗುರುತಿನವರೆಗೆ ಶುದ್ಧ ಎಣ್ಣೆಯನ್ನೇ ಹಾಕಬೇಕು, ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನಲ್ಲ.

ದಿನಾಲೂ ಬೆಳಿಗ್ಗೆ, ಸಮನಾದ ನೆಲದಲ್ಲಿ, ಚಾಲೂ ಮಾಡುವ ಮುನ್ನ ಅಳತೆ ಕಡ್ಡಿ ತೆಗೆದು ನೋಡಿ. ಎಣ್ಣೆ ಎರಡು ಗೀಟಿನ ನಡುವೆ ಇರಬೇಕು. ಮೇಲಿನ ಗೀಟು ದಾಟಿಸಿದರೆ ಎಣ್ಣೆ ನೊರೆಯೇಳುತ್ತದೆ. ಹಾಕದೆಯೇ ಮಟ್ಟ ಏರಿದ್ದರೆ ಡೀಸೆಲ್ ಅಥವಾ ನೀರು ಒಳಗೆ ಸೇರಿದೆ ಎಂದರ್ಥ. ಡೀಸೆಲ್ ಆದರೆ ವಾಸನೆ ಹೇಳುತ್ತದೆ, ನೀರಾದರೆ ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗುತ್ತದೆ. ಅಂತಹ ಎಂಜಿನ್ನನ್ನು ಆ ದಿನ ಚಾಲೂ ಮಾಡಲೇಬಾರದು, ಕೆಲಸ ಎಷ್ಟೇ ಅವಸರದ್ದಿರಲಿ.

ಎಣ್ಣೆಯನ್ನು ಸೀಲ್ ಒಡೆಯದ ಡಬ್ಬಿಯಲ್ಲಿಯೇ ಕೊಂಡು, ಬ್ಯಾಚ್ ಸಂಖ್ಯೆ ನೋಡಿ, ರಸೀದಿ ಪಡೆಯಿರಿ. ಬಿಡಿಯಾಗಿ ಅಳೆದು ಮಾರುವ ಎಣ್ಣೆ, ಬಳಸಿದ್ದನ್ನೇ ಸೋಸಿ ಬಣ್ಣ ತೆಗೆದದ್ದಿರಬಹುದು. ಖಾಲಿ ಡಬ್ಬಿಗೆ ಕೊಡ್ಡೆ ತೂತು ಮಾಡಿ ಗುಜರಿಗೆ ಹಾಕಿದರೆ ಅದು ಮತ್ತೆ ನಕಲಿ ಎಣ್ಣೆ ತುಂಬಿಕೊಂಡು ಬರುವುದು ತಪ್ಪುತ್ತದೆ.

ಇಳಿಸಿದ ಕರಿ ಎಣ್ಣೆಯನ್ನು ದನಗಳ ಉಣ್ಣೆಗೆ ಬಳಿಯುವುದು, ಬಾವಿಯ ಕಟ್ಟೆಯ ಪಕ್ಕದಲ್ಲಿ ಚೆಲ್ಲುವುದು ಹಲವು ಕಡೆ ಕಾಣುತ್ತದೆ. ಇದರಲ್ಲಿ ಲೋಹದ ಅಂಶಗಳೂ, ಅರ್ಬುದ ರೋಗ ತರಬಲ್ಲ ಸುಟ್ಟ ರಾಸಾಯನಿಕಗಳೂ ಇರುತ್ತವೆ. ದನ ಮೈ ನೆಕ್ಕಿದಾಗ ಇವು ಹೊಟ್ಟೆ ಸೇರುತ್ತವೆ. ಒಂದು ಲೀಟರ್ ಕರಿ ಎಣ್ಣೆ ಲಕ್ಷಾಂತರ ಲೀಟರ್ ಕುಡಿಯುವ ನೀರನ್ನು ಕೆಡಿಸಬಲ್ಲದು. ಕಾನೂನಿನ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಬಳಸಿದ ಎಣ್ಣೆಯ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಲಾಗಿದೆ. ಮುಚ್ಚಳವಿರುವ ಹಳೆಯ ಡಬ್ಬಿಯಲ್ಲಿ ನೀರು, ಡೀಸೆಲ್ ಬೆರೆಸದೆ ಶೇಖರಿಸಿಟ್ಟು, ಎಣ್ಣೆ ಸಂಗ್ರಹಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಿ. ಮಕ್ಕಳ ಕೈಗೆ ಸಿಗದ ಜಾಗದಲ್ಲಿಟ್ಟು, ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಬಳಸಿದ ಎಣ್ಣೆ" ಎಂದು ಬರೆದಿಡಿ.